ಬೆಳ್ಳಿಚುಕ್ಕಿಯ ಗೆಳೆಯರು

ಲೂಸಿಫರ್ಸ್ ಫ್ರೆಂಡ್ ಎಂಬ ಜರ್ಮನ್ ತಂಡದ ಮೊದಲ ಆಲ್ಬಂ ಹೊರಬಂದದ್ದು 1970ರಲ್ಲಿ. ನಾನು ಅದನ್ನು ಕೇಳಿದ್ದು 2021ರ ಜುಲೈ ತಿಂಗಳಿನಲ್ಲಿ, ಕೋಲಾರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಕಾಲೇಜು ಇನ್ನೂ ಬಾಗಿಲು ತೆರೆದಿರಲಿಲ್ಲ. ಬೆಳಿಗ್ಗೆ ಮೊಬೈಲಿನ ಮುಂದೆ ಕುಳಿತು ರಸಾಯನಶಾಸ್ತ್ರದ ಪಾಠ ಮುಗಿಸಿದರೆ ಉಳಿದ ಹೊತ್ತೆಲ್ಲ ನನ್ನದೇ ಆಗಿತ್ತು. ಹದಿನೈದನೆಯ ವಯಸ್ಸಿನಿಂದ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತವನ್ನು ಕೇಳುತ್ತ ಬಂದವಳು ನಾನು. ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಜನಸಾಗರದ ನಡುವೆ ನಿಂತಿದ್ದವಳು, ಎಸೆನ್ ನಗರದ ಕ್ರಿಯೇಟರ್ ತಂಡ 2012ರಲ್ಲಿ ಬೆಂಗಳೂರಿಗೆ ಬಂದಾಗಲೂ ಕೋಲಾರದಿಂದ ಬಸ್ಸು ಹತ್ತಿ ಹೋಗಿದ್ದವಳು. ಅಂಥ ನನಗೆ ಈ ತಂಡದ ಹೆಸರು ಐವತ್ತೊಂದು ವರ್ಷ ತಡವಾಗಿ ಸಿಕ್ಕಿತು. ಸಿಕ್ಕಿದ ದಿನ ರಾತ್ರಿ ನಾನು ಅದೇ ಆಲ್ಬಂ ಅನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ಕೇಳಿದೆ.

ಅಲ್ಲಿಯವರೆಗೆ ನನ್ನನ್ನು ಕರೆದೊಯ್ದದ್ದು ಒಂದು ಹಳೆಯ ಕ್ಯಾಸೆಟ್ಟು. ನನ್ನ ತಂದೆ ಕೆಜಿಎಫ್‌ನ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಚಾಂಪಿಯನ್ ರೀಫ್ ಬಳಿಯ ಕಂಪನಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಆಂಗ್ಲೋ ಇಂಡಿಯನ್ ಕುಟುಂಬದವರು. ಅವರ ಮನೆಯಲ್ಲಿ ಪಿಯಾನೋ ಇತ್ತು, ಗಿಟಾರ್ ಇತ್ತು, ಭಾನುವಾರ ಸಂಜೆಗಳಲ್ಲಿ ಹಾಡು ಇರುತ್ತಿತ್ತು. 1980ರ ದಶಕದ ಕೊನೆಯಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಹೊರಟು ನಿಂತಾಗ ಸಾಗಿಸಲಾಗದ ಸಾಮಾನುಗಳನ್ನು ಅಕ್ಕಪಕ್ಕದವರಿಗೆ ಹಂಚಿದರು. ನಮ್ಮ ಪಾಲಿಗೆ ಒಂದು ಮಡಚುವ ಕುರ್ಚಿ ಮತ್ತು ಬಟ್ಟೆಯ ಚೀಲದ ತುಂಬ ಕ್ಯಾಸೆಟ್ಟುಗಳು ಬಂದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಾವು ಕೋಲಾರಕ್ಕೆ ಬಂದೆವು, ಚೀಲವೂ ಟ್ರಂಕಿನೊಳಗೆ ಕುಳಿತು ನಮ್ಮ ಜೊತೆ ಬಂದಿತು. ಅದರಲ್ಲಿದ್ದ ಬಹಳಷ್ಟನ್ನು ನಾನು ಹುಡುಗಿಯಾಗಿದ್ದಾಗಲೇ ಕೇಳಿ ಮುಗಿಸಿದ್ದೆ ಎಂದುಕೊಂಡಿದ್ದೆ. ಲಾಕ್‌ಡೌನ್ ಕಾಲದಲ್ಲಿ ಟ್ರಂಕು ತೆರೆದು ಒಂದೊಂದನ್ನೇ ಒರೆಸಿ ಇಡುವಾಗ, ನೀಲಿ ಶಾಯಿಯಲ್ಲಿ ಯೂರಿಯಾ ಹೀಪ್, ಫೈರ್‌ಫ್ಲೈ ಎಂದು ಬರೆದಿದ್ದ ಒಂದು ಕ್ಯಾಸೆಟ್ಟು ಕೈಗೆ ಬಂತು. ಅದನ್ನು ಒಮ್ಮೆಯೂ ಹಾಕಿದ ನೆನಪು ನನಗೆ ಇರಲಿಲ್ಲ.

ಯೂರಿಯಾ ಹೀಪ್ ಎಂಬ ಇಂಗ್ಲಿಷ್ ರಾಕ್ ತಂಡವೆಂದರೆ ನಮ್ಮ ತಲೆಮಾರಿನ ಕೇಳುಗರಿಗೆ ಡೇವಿಡ್ ಬೈರನ್ ಅವರ ಕಂಠವೇ ನೆನಪಾಗುತ್ತದೆ. ಆದರೆ 1977ರ ಈ ಆಲ್ಬಮ್ಮಿನಲ್ಲಿ ಹಾಡುತ್ತಿದ್ದವರು ಬೇರೆ ಯಾರೋ. ಬೈರನ್ ಅವರ ಕಂಠದಲ್ಲಿ ನಾಟಕದ ಮೆರುಗು ಇತ್ತು, ಈ ಕಂಠದಲ್ಲಿ ದುಡಿಯುವವನ ದೃಢತೆ ಇತ್ತು. ಎತ್ತರದ ಸ್ವರಕ್ಕೆ ಏರುವಾಗ ಅದು ತೆಳುವಾಗುತ್ತಿರಲಿಲ್ಲ, ಇನ್ನಷ್ಟು ದಪ್ಪವಾಗುತ್ತಿತ್ತು. ವೈಸ್ ಮ್ಯಾನ್ ಎಂಬ ನಿಧಾನಗತಿಯ ಹಾಡು ಮುಗಿಯುವ ಹೊತ್ತಿಗೆ ನಾನು ಈ ಗಾಯಕ ಯಾರೆಂದು ಹುಡುಕಲು ಆರಂಭಿಸಿದ್ದೆ. ಹೆಸರು ಜಾನ್ ಲಾಟನ್. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ 1946ರಲ್ಲಿ ಹುಟ್ಟಿದವರು. ಯೂರಿಯಾ ಹೀಪ್ ಸೇರುವ ಮುನ್ನ ಜರ್ಮನಿಯ ಹ್ಯಾಂಬರ್ಗಿನಲ್ಲಿ ಲೂಸಿಫರ್ಸ್ ಫ್ರೆಂಡ್ ಎಂಬ ತಂಡದಲ್ಲಿ ಹಾಡುತ್ತಿದ್ದವರು. ಅದೇ ಪುಟದ ಮೇಲ್ಭಾಗದಲ್ಲಿ ಇನ್ನೊಂದು ಸಂಗತಿಯೂ ಇತ್ತು: ಅವರು 2021ರ ಜೂನ್ 29ರಂದು, ಎಂದರೆ ನಾನು ಆ ಕ್ಯಾಸೆಟ್ಟನ್ನು ಒರೆಸುವುದಕ್ಕೆ ಎರಡು ವಾರ ಮುಂಚೆ, ತೀರಿಕೊಂಡಿದ್ದರು. ಒಬ್ಬರ ಕಂಠವನ್ನು ಕಂಡುಕೊಂಡ ಗಳಿಗೆಯಲ್ಲೇ ಅವರಿಲ್ಲವೆಂದು ತಿಳಿಯುವುದು ಎಂಥ ಸಂಕಟವೆಂದು ನನಗೆ ಅಂದು ಗೊತ್ತಾಯಿತು. ಆ ಸಂಕಟದಲ್ಲಿಯೇ ನಾನು ಅವರ ಮೊದಲ ತಂಡದ ಮೊದಲ ಆಲ್ಬಂ ಅನ್ನು ಹುಡುಕಿ ತೆಗೆದೆ.

ಹ್ಯಾಂಬರ್ಗ್ ಬಂದರು ನಗರ. ಬೀಟಲ್ಸ್ ತಂಡದವರು ಪ್ರಸಿದ್ಧರಾಗುವ ಮೊದಲು, 1960ರಿಂದ 1962ರವರೆಗೆ, ಅಲ್ಲಿಯ ಸೇಂಟ್ ಪೌಲಿ ಬಡಾವಣೆಯ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿ ಪಳಗಿದ ಕಥೆ ಎಲ್ಲರಿಗೂ ಗೊತ್ತು. ಅವರು ಹೊರಟುಹೋದ ಮೇಲೂ ಇಂಗ್ಲೆಂಡಿನ ತಂಡಗಳು ಆ ಊರಿಗೆ ಬರುತ್ತಲೇ ಇದ್ದವು. ಸ್ಟೋನ್‌ವಾಲ್ ಎಂಬ ತಂಡದೊಂದಿಗೆ ಬಂದ ಲಾಟನ್, ಜೊತೆಗಾರರು ಊರಿಗೆ ಮರಳಿದ ಮೇಲೂ ಅಲ್ಲಿಯೇ ಉಳಿದರು. ಅದೇ ಹೊತ್ತಿಗೆ ಜರ್ಮನ್ ಬಾಂಡ್ಸ್ ಎಂಬ ಸ್ಥಳೀಯ ತಂಡದಲ್ಲಿ ಪಳಗಿದ್ದ ನಾಲ್ವರು ಹೊಸ ಬಗೆಯ ಸಂಗೀತಕ್ಕಾಗಿ ಹಾತೊರೆಯುತ್ತಿದ್ದರು: ಗಿಟಾರಿನ ಪೀಟರ್ ಹೆಸ್ಲೈನ್, ಆರ್ಗನ್ನಿನ ಪೀಟರ್ ಹೆಕ್ಟ್, ಬೇಸ್ ಗಿಟಾರಿನ ಡೀಟರ್ ಹಾರ್ನ್ಸ್ ಮತ್ತು ಡ್ರಮ್ಸಿನ ಯೋಆಖಿಮ್ ರೀಟನ್‌ಬಾಖ್. ಇವರು ಲಾಟನ್ ಜೊತೆ ಸೇರಿ 1970ರಲ್ಲಿ ಮೊದಲು ಆಸ್ಟೆರಿಕ್ಸ್ ಎಂಬ ಹೆಸರಿನಲ್ಲಿ ಒಂದು ಆಲ್ಬಂ ಮಾಡಿದರು. ಅದೇ ವರ್ಷ ಹೆಸರು ಬದಲಾಯಿತು, ಸಂಗೀತ ಕಪ್ಪಾಯಿತು, ಭಾರವಾಯಿತು.

ಈ ಹೆಸರಿನ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಲೂಸಿಫರ್ ಎಂದೊಡನೆ ಸೈತಾನ ಎಂದು ಹೆದರುವವರಿದ್ದಾರೆ. ಆ ಕಾಲದ ರಾಕ್ ತಂಡಗಳು ಆ ಹೆದರಿಕೆಯನ್ನು ಬಯಸಿಯೇ ಇಂಥ ಹೆಸರುಗಳನ್ನು ಇಟ್ಟುಕೊಳ್ಳುತ್ತಿದ್ದವು. ಆದರೆ ಲ್ಯಾಟಿನ್ ಭಾಷೆಯಲ್ಲಿ ಆ ಪದದ ಮೂಲ ಅರ್ಥ ಬೆಳಕನ್ನು ತರುವವನು ಎಂದು. ನಸುಕಿನಲ್ಲಿ ಮೂಡುವ ಶುಕ್ರಗ್ರಹಕ್ಕೆ ರೋಮನ್ನರು ಇಟ್ಟ ಹೆಸರು ಅದು. ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಮೂಡಿತು ಎಂದು ಎದ್ದು ಕೊಟ್ಟಿಗೆಗೆ ಹೋಗುತ್ತಾರಲ್ಲ, ಅದೇ ಬೆಳ್ಳಿ. ನಾನು ಇದನ್ನು ಅಮ್ಮನಿಗೆ ವಿವರಿಸಿದಾಗ, ಕೋಣೆಯಿಂದ ಬರುತ್ತಿದ್ದ ಸದ್ದಿನ ಬಗ್ಗೆ ಅವರಿಗಿದ್ದ ಅನುಮಾನ ಅರ್ಧ ಕಡಿಮೆಯಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಈ ತಂಡಕ್ಕೆ ಬೆಳ್ಳಿಚುಕ್ಕಿಯವರು ಎಂದೇ ಹೆಸರು.

ಆಲ್ಬಮ್ಮಿನಲ್ಲಿ ಎಂಟು ಹಾಡುಗಳಿವೆ, ಒಟ್ಟು ಸುಮಾರು 40 ನಿಮಿಷ. ಮೊದಲ ಹಾಡು ರೈಡ್ ದ ಸ್ಕೈ ಮೂರು ನಿಮಿಷಕ್ಕೂ ಕಡಿಮೆ. ಅದು ಆರಂಭವಾಗುವುದು ಗಿಟಾರಿನಿಂದಲೂ ಅಲ್ಲ, ಡ್ರಮ್ಸಿನಿಂದಲೂ ಅಲ್ಲ. ಹಿತ್ತಾಳೆಯ ವಾದ್ಯವೊಂದು ಕೆಳಸ್ವರದಿಂದ ಮೇಲಕ್ಕೆ ನೆಗೆದು, ಬೆಟ್ಟದ ಆಚೆಯಿಂದ ಯಾರನ್ನೋ ಕರೆದಂತೆ ಕೂಗುತ್ತದೆ. ಅದರ ಬೆನ್ನಿಗೆ ಗಿಟಾರು, ಬೇಸು, ಆರ್ಗನ್ನು ಒಟ್ಟಿಗೆ ಒಂದೇ ಸ್ವರಸಾಲನ್ನು ಹಿಡಿದು ಓಡಲು ತೊಡಗುತ್ತವೆ. ಈ ಕೂಗು ಲೆಡ್ ಜೆಪ್ಲಿನ್ ತಂಡದ ಇಮ್ಮಿಗ್ರಂಟ್ ಸಾಂಗ್ ಹಾಡಿನ ಆರಂಭದ ಕೂಗಿಗೆ ಹತ್ತಿರವಾಗಿದೆ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಹೌದು, ಹತ್ತಿರವಾಗಿದೆ, ಎರಡೂ 1970ರ ಹಾಡುಗಳೇ. ಆದರೆ ಅಷ್ಟನ್ನೇ ಹೇಳಿ ಈ ತಂಡವನ್ನು ನಕಲಿನವರ ಸಾಲಿಗೆ ತಳ್ಳುವುದು ನನಗೆ ಅನ್ಯಾಯವೆನಿಸುತ್ತದೆ. ಅಲ್ಲಿ ಗಾಯಕ ರಾಬರ್ಟ್ ಪ್ಲಾಂಟ್ ಅವರ ಗಂಟಲು ಕೂಗುತ್ತದೆ, ಇಲ್ಲಿ ಲೋಹ ಕೂಗುತ್ತದೆ, ಆ ಕೂಗಿಗೆ ಮನುಷ್ಯಕಂಠ ಬೇರೆ ದಾರಿಯಿಂದ ಬಂದು ಉತ್ತರ ಕೊಡುತ್ತದೆ. ಉಳಿದ ಏಳು ಹಾಡುಗಳಲ್ಲಿ ಜೆಪ್ಲಿನ್ ನೆರಳನ್ನು ಹುಡುಕಿದರೂ ಸಿಗುವುದು ಕಷ್ಟ.

ಆ ಏಳರಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಏಳು ನಿಮಿಷಗಳ ಟಾಕ್ಸಿಕ್ ಶಾಡೋಸ್. ಈ ಹಾಡನ್ನು ಕೇಳುವಾಗ, ಸಂಗೀತದಲ್ಲಿ ಭಾರ ಎಂದು ನಾವು ಕರೆಯುವುದು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆ ನನಗೆ ಎದುರಾಯಿತು. ಜೋರಾಗಿ ನುಡಿಸಿದ ಮಾತ್ರಕ್ಕೆ ಭಾರ ಬರುವುದಿಲ್ಲ, ವೇಗದಿಂದಂತೂ ಬರುವುದೇ ಇಲ್ಲ. ಗಿಟಾರಿನ ಸದ್ದನ್ನು ಆಂಪ್ಲಿಫೈಯರಿನಲ್ಲಿ ಅದು ತಾಳುವ ಮಿತಿ ದಾಟಿಸಿದಾಗ ಸ್ವರದ ಅಂಚು ಹರಿದು, ಮೂಲಸ್ವರದ ಜೊತೆಗೆ ಹತ್ತಾರು ಉಪಸ್ವರಗಳು ಮೇಲೆದ್ದು ಬರುತ್ತವೆ. ಹೆಸ್ಲೈನ್ ಅವರ ಗಿಟಾರು ಹೀಗೆ ಹರಿದ ಸ್ವರದಲ್ಲಿ ಒಂದು ಸಾಲನ್ನು ನುಡಿಸುತ್ತಿರುವಾಗ, ಹೆಕ್ಟ್ ಅವರ ಹ್ಯಾಮಂಡ್ ಆರ್ಗನ್ ಅದೇ ಸಾಲನ್ನು ಅದರ ಪಕ್ಕದಲ್ಲೇ ನುಡಿಸುತ್ತದೆ. ಎರಡು ಬೇರೆ ವಾದ್ಯಗಳ ಒರಟು ಅಂಚುಗಳು ಒಂದಕ್ಕೊಂದು ಉಜ್ಜಿ ಮೂರನೆಯ ಒಂದು ಸದ್ದು ಹುಟ್ಟುತ್ತದೆ. ಅದು ಗಿಟಾರೂ ಅಲ್ಲ, ಆರ್ಗನ್ನೂ ಅಲ್ಲ. ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡ ತನ್ನ ಭಾರವನ್ನು ಕೇವಲ ಗಿಟಾರು ಮತ್ತು ಬೇಸಿನಿಂದ ಕಟ್ಟಿತು. ಡೀಪ್ ಪರ್ಪಲ್ ತಂಡದಲ್ಲಿ ಆರ್ಗನ್ನು ಮತ್ತು ಗಿಟಾರು ಜುಗಲ್ಬಂದಿಗೆ ಇಳಿಯುತ್ತಿದ್ದವು. ಲೂಸಿಫರ್ಸ್ ಫ್ರೆಂಡ್ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿತು. ಇದು ಅವರದೇ ದಾರಿ.

ಇನ್ನೊಂದು ಸಂಗತಿಯೂ ಇದೆ: ನಡುವೆ ಬಿಡುವ ಜಾಗ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಮಟೆಯನ್ನು ಬೆಂಕಿಯ ಮುಂದೆ ಹಿಡಿದು ಚರ್ಮ ಬಿಗಿಯಾಗಿಸಿ, ಜಾತ್ರೆಯಲ್ಲಿ ಮೊದಲ ಏಟು ಹಾಕಿ ಒಂದು ಕ್ಷಣ ಕೈ ತಡೆದಾಗ, ಆ ತಡೆದ ಕ್ಷಣ ಎದೆಯ ಮೇಲೆ ಕುಳಿತುಕೊಳ್ಳುತ್ತದೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಸೀಮೆಯ ತಮಟೆಯ ಬಗ್ಗೆ ಪತ್ರಿಕೆಗಳು ಬರೆದವು. ಆ ವಾದನದ ನಿಜವಾದ ಶಕ್ತಿ ಏಟುಗಳಲ್ಲಿ ಎಷ್ಟಿದೆಯೋ ಏಟುಗಳ ನಡುವಿನ ಬಿಡುವಿನಲ್ಲಿಯೂ ಅಷ್ಟೇ ಇದೆ ಎಂದು ನನಗೆ ಚಿಕ್ಕಂದಿನಿಂದ ಅನಿಸಿದೆ. ರೀಟನ್‌ಬಾಖ್ ಅವರಿಗೆ ಈ ಗುಟ್ಟು ತಿಳಿದಿತ್ತು. ಕೀಪ್ ಗೋಯಿನ್ ಹಾಡಿನಲ್ಲಿ ಅವರು ಹಿಡಿದು ಬಿಡುವ ಏಟುಗಳನ್ನು ಕೇಳಿದರೆ, ಅಷ್ಟೊಂದು ಸದ್ದಿನ ನಡುವೆಯೂ ಮೌನವನ್ನು ಎಣಿಸಿ ಇಟ್ಟಿದ್ದಾರೆ ಎಂದು ಗೊತ್ತಾಗುತ್ತದೆ.

ಬೇಬಿ ಯು ಆರ್ ಎ ಲೈಯರ್ ಇವುಗಳಷ್ಟು ಗಟ್ಟಿಯಾದ ಹಾಡಲ್ಲ. ತಂಡದ ಹೆಸರನ್ನೇ ಹೊತ್ತ ಕೊನೆಯ ಹಾಡು ಮಾತ್ರ ಮತ್ತೆ ಆ ಕತ್ತಲೆಗೆ ಮರಳಿ ಆಲ್ಬಂ ಅನ್ನು ಮುಗಿಸುತ್ತದೆ.

ಆ ಮೊದಲ ಹಾಡಿನ ಹಿತ್ತಾಳೆ ವಾದ್ಯ ಯಾವುದೆಂದು ನನಗೆ ಹೇಳಿದವರು ನನ್ನ ಸೋದರಮಾವ. ಅವರು ಕೋಲಾರದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ನಲವತ್ತು ವರ್ಷ ಟ್ರಂಪೆಟ್ ನುಡಿಸಿದವರು. ಮದುವೆ ದಿಬ್ಬಣ, ಗಣೇಶನ ಮೆರವಣಿಗೆ, ಊರ ಜಾತ್ರೆ, ಕರಗ, ಚುನಾವಣೆಯಲ್ಲಿ ಗೆದ್ದವರ ಸಂಭ್ರಮ, ಹೀಗೆ ಕರೆದ ಕಡೆಗೆಲ್ಲ ಕೆಂಪು ಕೋಟು ಹಾಕಿಕೊಂಡು ಹೋಗಿ, ಜನ ಕೇಳಿದ ಸಿನಿಮಾ ಹಾಡುಗಳನ್ನು ನುಡಿಸಿ, ದಿನದ ಸಂಬಳ ತಂದು ಅತ್ತೆಯ ಕೈಗೆ ಕೊಟ್ಟವರು. ನಾನು ಹೆಡ್‌ಫೋನ್ ಅವರ ಕಿವಿಗೆ ಇಟ್ಟೆ. ಹತ್ತು ಸೆಕೆಂಡು ಕೇಳಿ ಕೈ ಎತ್ತಿದರು.

"ನಿಲ್ಲಿಸಮ್ಮಾ. ಇದು ಟ್ರಂಪೆಟ್ ಅಲ್ಲ."

"ಹಾಗಾದರೆ ಏನು ಮಾವ? ಸ್ಯಾಕ್ಸೋಫೋನಾ?"

"ಅಲ್ಲವೇ ಅಲ್ಲ. ಇದು ಫ್ರೆಂಚ್ ಹಾರ್ನ್. ಮೈಸೂರಿನಲ್ಲಿ ಪೊಲೀಸ್ ಬ್ಯಾಂಡಿನವರ ಹತ್ತಿರ ನೋಡಿದ್ದೆ. ದುಂಡಗೆ ಸುತ್ತಿಕೊಂಡಿರುತ್ತೆ, ಬಾಯಿ ಹಿಂದಕ್ಕೆ ತಿರುಗಿರುತ್ತೆ, ಬಲಗೈ ಅದರೊಳಗೆ ಇಟ್ಟುಕೊಂಡು ನುಡಿಸಬೇಕು. ತುಂಬಾ ಕಷ್ಟ ಕಣಮ್ಮಾ. ತುಟಿ ಒಂಚೂರು ಜಾರಿದರೆ ಪಕ್ಕದ ಸ್ವರಕ್ಕೆ ಹೋಗಿ ಬೀಳುತ್ತೆ."

ಅವರು ಹೇಳಿದ್ದು ಸರಿಯಾಗಿತ್ತು. ಫ್ರೆಂಚ್ ಹಾರ್ನಿನ ಕೊಳವೆಯನ್ನು ಬಿಡಿಸಿ ನೇರ ಮಾಡಿದರೆ 12 ಅಡಿಗೂ ಹೆಚ್ಚು ಉದ್ದವಿರುತ್ತದೆ. ಅಷ್ಟು ಉದ್ದದ ಕೊಳವೆಯಲ್ಲಿ ಮೇಲಿನ ಸ್ವರಗಳು ಒಂದಕ್ಕೊಂದು ಬಹಳ ಹತ್ತಿರದಲ್ಲಿ ಕುಳಿತಿರುವುದರಿಂದ ತುಟಿಯ ಹಿಡಿತ ಅತ್ಯಂತ ನಿಖರವಾಗಿರಬೇಕು. ಬೇಟೆಗಾರರ ಕೊಂಬಿನಿಂದ ಬೆಳೆದು ಬಂದು ಪಾಶ್ಚಾತ್ಯ ವಾದ್ಯವೃಂದದ ಒಳಗೆ ಸೇರಿದ ವಾದ್ಯ ಅದು. ರಾಕ್ ಸಂಗೀತದಲ್ಲಿ ಅಪರೂಪ. ಅದನ್ನು ಒಂದು ಆಲ್ಬಮ್ಮಿನ ಮೊದಲ ಸದ್ದಾಗಿ ಇಡಬೇಕಾದರೆ, ಇಟ್ಟವರು ಕೇವಲ ಕ್ಲಬ್ಬುಗಳಲ್ಲಿ ಕುಣಿಸಿ ಬಂದ ಹುಡುಗರಾಗಿರಲು ಸಾಧ್ಯವಿಲ್ಲ ಎಂದು ಮಾವ ಹೇಳಿದರು. "ಇವರು ದುಡಿಯುವ ವಾದ್ಯಗಾರರು. ಎಲ್ಲಾ ಥರದ ಪಾರ್ಟಿಗಳಲ್ಲೂ ನುಡಿಸಿರಬೇಕು," ಎಂದರು.

ಆ ಮಾತು ಈ ತಂಡದ ಇಡೀ ಕಥೆಯ ಬೀಗದ ಕೈ ಎಂದು ನನಗೆ ಆಮೇಲೆ ತಿಳಿಯಿತು. ಲೂಸಿಫರ್ಸ್ ಫ್ರೆಂಡ್ ತಂಡದವರು ಹ್ಯಾಂಬರ್ಗಿನ ಸ್ಟುಡಿಯೋಗಳಲ್ಲಿ ಕೂಲಿಗೆ ನುಡಿಸುವ ವಾದ್ಯಗಾರರಾಗಿದ್ದರು. ಹೆಸ್ಲೈನ್ ಅವರು ಜೇಮ್ಸ್ ಲಾಸ್ಟ್ ಅವರ ವಾದ್ಯವೃಂದದಲ್ಲಿ ವರ್ಷಗಟ್ಟಲೆ ಗಿಟಾರು ನುಡಿಸಿದರು. ಜರ್ಮನಿಯ ಮಧ್ಯಮ ವರ್ಗದ ಮನೆಗಳಲ್ಲಿ ಔತಣಕೂಟದ ಹಿನ್ನೆಲೆಗೆ ಹಾಕುತ್ತಿದ್ದ ಮೆತ್ತನೆಯ ಸಂಗೀತ ಅದು. ಲಾಟನ್ ಅವರು ಲೆಸ್ ಹಂಫ್ರೀಸ್ ಸಿಂಗರ್ಸ್ ಎಂಬ ದೊಡ್ಡ ಗಾಯಕವೃಂದದಲ್ಲಿ ಹಾಡುತ್ತಿದ್ದರು; ಟೆಲಿವಿಷನ್ನಿನಲ್ಲಿ ಎಲ್ಲರೂ ನಗುನಗುತ್ತ ಕೈ ತಟ್ಟಿ ಹಾಡುವ ಆ ವೃಂದ 1976ರಲ್ಲಿ ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆಯಲ್ಲಿ ಜರ್ಮನಿಯನ್ನು ಪ್ರತಿನಿಧಿಸಿತು. ಪಿಂಕ್ ಮೈಸ್ ಎಂಬ ಇನ್ನೊಂದು ಹೆಸರಿನಲ್ಲಿ ಇದೇ ವಾದ್ಯಗಾರರು ಬಾಖ್, ಮೊಜಾರ್ಟ್ ಮೊದಲಾದವರ ಕೃತಿಗಳನ್ನು ರಾಕ್ ಲಯಕ್ಕೆ ಕೂರಿಸಿ ಅಗ್ಗದ ಬೆಲೆಯ ಎಲ್‌ಪಿಗಳನ್ನೂ ಮಾಡಿದರು. ಹಗಲಿನಲ್ಲಿ ಕೇಳಿದವರಿಗೆ ಕೇಳಿದ್ದನ್ನು ನುಡಿಸಿ ಕೊಟ್ಟ ಕೈಗಳು, ತಮ್ಮದೇ ಹೊತ್ತು ಸಿಕ್ಕಾಗ ಟಾಕ್ಸಿಕ್ ಶಾಡೋಸ್ ನುಡಿಸಿದವು. ಮೊದಲ ಆಲ್ಬಮ್ಮಿನ ಒಳಗಿರುವ ಒತ್ತಡ ಎಲ್ಲಿಂದ ಬಂತೆಂದು ನನಗೆ ಈಗ ಅನುಮಾನವಿಲ್ಲ. ಬಹಳ ದಿನ ಬಾಯಿ ಮುಚ್ಚಿಕೊಂಡು ದುಡಿದವನು ಒಮ್ಮೆ ಮಾತನಾಡಲು ತೊಡಗಿದರೆ ಆ ಮಾತಿಗೆ ಇರುವ ತೂಕ ಅದು.

ಇದೇ ಕೂಲಿಯ ದುಡಿಮೆ ಅವರನ್ನು ಮರೆಯಾಗಿಯೂ ಇರಿಸಿತು. ರಾಕ್ ತಂಡವೊಂದು ಹೆಸರು ಮಾಡಬೇಕಾದರೆ ಊರೂರು ಸುತ್ತಬೇಕು, ವರ್ಷಕ್ಕೆ ನೂರು ಇನ್ನೂರು ರಾತ್ರಿ ವೇದಿಕೆಯ ಮೇಲೆ ನಿಲ್ಲಬೇಕು. ಸ್ಟುಡಿಯೋದಲ್ಲಿ ದಿನದ ಸಂಪಾದನೆ ಇರುವವರಿಗೆ, ಮನೆಯನ್ನು ನಡೆಸಬೇಕಾದವರಿಗೆ, ಅದನ್ನು ಬಿಟ್ಟು ವ್ಯಾನು ಹತ್ತುವುದು ಸುಲಭವಲ್ಲ. ಅವರು ವೇದಿಕೆಗೆ ಬಂದದ್ದು ಬಹಳ ಕಡಿಮೆ. ಅಮೆರಿಕದಲ್ಲಿ ಆ ಮೊದಲ ಆಲ್ಬಂ ಬಿಡುಗಡೆಯಾದದ್ದು ಕೆಲವು ವರ್ಷ ತಡವಾಗಿ, ಬಿಲ್ಲಿಂಗ್ಸ್‌ಗೇಟ್ ಎಂಬ ಸಣ್ಣ ಕಂಪನಿಯಿಂದ. ಅಲ್ಲಿಯ ಕೇಳುಗರು ಈ ಭಾರವಾದ ಸಂಗೀತಕ್ಕೆ ಮನಸೋಲುವ ಹೊತ್ತಿಗೆ ತಂಡ ಹ್ಯಾಂಬರ್ಗಿನಲ್ಲಿ ಬೇರೆಯದೇ ಸಂಗೀತದ ಕಡೆಗೆ ಹೊರಳಿ ಆಗಿತ್ತು.

ಜರ್ಮನಿಯೊಳಗಿನ ಕಾರಣ ಬೇರೆ. 1970ರ ದಶಕದ ಜರ್ಮನ್ ಸಂಗೀತವೆಂದರೆ ಇಂದಿಗೂ ಎಲ್ಲರೂ ಹೇಳುವುದು ಕಲೋನ್ ನಗರದ ಕ್ಯಾನ್, ಡುಸೆಲ್‌ಡಾರ್ಫ್‌ನ ಕ್ರಾಫ್ಟ್‌ವರ್ಕ್ ಮತ್ತು ನೋಯ್ ತಂಡಗಳ ಹೆಸರನ್ನು. ಅವರು ಇಂಗ್ಲಿಷ್ ರಾಕ್ ಸಂಗೀತದ ವ್ಯಾಕರಣವನ್ನೇ ಬದಿಗಿಟ್ಟು ಹೊಸದನ್ನು ಕಟ್ಟಿದರು, ಅದಕ್ಕೆ ತಕ್ಕ ಗೌರವವೂ ಅವರಿಗೆ ಸಿಕ್ಕಿತು. ಆದರೆ ಆ ಗೌರವದ ಜೊತೆಗೆ, ಇಂಗ್ಲಿಷಿನಲ್ಲಿ ಹಾಡಿ, ರಿಫ್ ಎಂಬ, ಮತ್ತೆ ಮತ್ತೆ ಮರಳುವ ಸಣ್ಣ ಸ್ವರಸಾಲುಗಳ ಮೇಲೆ ಹಾಡು ಕಟ್ಟಿದ ಜರ್ಮನ್ನರೆಲ್ಲ ಪರರ ಮನೆಯ ದೀಪದಲ್ಲಿ ಓದಿದವರು ಎಂಬ ತೀರ್ಮಾನವೂ ಬಂದು ಕುಳಿತಿತು. ಇನ್ನೊಂದು ಕಡೆ, ಜರ್ಮನ್ ಹೆವಿ ಮೆಟಲ್ ಚರಿತ್ರೆ ಬರೆಯುವವರು ಹ್ಯಾನೋವರಿನ ಸ್ಕಾರ್ಪಿಯನ್ಸ್, ಸೋಲಿಂಗೆನ್‌ನ ಆಕ್ಸೆಪ್ಟ್, ಆಮೇಲೆ ಹ್ಯಾಂಬರ್ಗಿನದೇ ಆದ ಹೆಲ್ಲೊವೀನ್ ಎಂದು ಸಾಲು ಹಿಡಿಯುತ್ತಾರೆ. ಸ್ಕಾರ್ಪಿಯನ್ಸ್ ತಂಡದ ಮೊದಲ ಆಲ್ಬಂ ಬಂದದ್ದು 1972ರಲ್ಲಿ. ಹೆಲ್ಲೊವೀನ್ ತಂಡದ ಮೊದಲ ಪೂರ್ಣ ಆಲ್ಬಂ 1985ರದ್ದು. ಬ್ಲ್ಯಾಕ್ ಸಬ್ಬತ್ ತನ್ನ ಮೊದಲ ಆಲ್ಬಂ ಬಿಡುಗಡೆ ಮಾಡಿದ ವರ್ಷದಲ್ಲಿಯೇ ಹ್ಯಾಂಬರ್ಗಿನಲ್ಲಿ ಐವರು ಕುಳಿತು ಈ ಸಂಗೀತವನ್ನು ಮುದ್ರಿಸಿಕೊಂಡಿದ್ದರು ಎಂಬುದನ್ನು ಆ ಸಾಲಿನ ಆರಂಭದಲ್ಲಿ ಬರೆಯಬೇಕಾಗಿತ್ತು. ಒಂದು ಕಡೆಯವರು ಇದು ಸಾಕಷ್ಟು ಜರ್ಮನ್ ಅಲ್ಲ ಎಂದು ಬಿಟ್ಟರು, ಇನ್ನೊಂದು ಕಡೆಯವರು ಇದು ಮೆಟಲ್ ಎಂಬ ಹೆಸರಿಗಿಂತ ಹಳೆಯದು ಎಂದು ಬಿಟ್ಟರು.

ಮುಂದಿನ ಆಲ್ಬಂಗಳ ಬಗ್ಗೆ ಹೇಳುವುದಾದರೆ, ಒಂದರಂತೆ ಇನ್ನೊಂದಿಲ್ಲ. 1972ರ ಎರಡನೆಯ ಆಲ್ಬಮ್ಮಿನಲ್ಲಿ ಲಯಗಳು ತಿರುವುಮುರುವಾಗಿ, ಹಾಡುಗಳು ಅನಿರೀಕ್ಷಿತ ಕಡೆಗಳಲ್ಲಿ ಒಡೆದು ಹೊಸ ದಾರಿ ಹಿಡಿಯುತ್ತವೆ. ಕೇಳಲು ಸುಲಭವಲ್ಲ, ಆದರೆ ಬರ್ನಿಂಗ್ ಶಿಪ್ಸ್ ಎಂಬ ಶಾಂತವಾದ ಹಾಡಿಗಾಗಿಯಾದರೂ ಅದನ್ನು ಕೇಳಬೇಕು. 1973ರದ್ದು ನೇರವಾದ ರಾಕ್, ನನಗೆ ಅಷ್ಟಾಗಿ ಹಿಡಿಸಲಿಲ್ಲ. 1974ರ ಬ್ಯಾಂಕ್ವೆಟ್ ಮಾತ್ರ ಬೆರಗು ಹುಟ್ಟಿಸುವ ಕೃತಿ. ಸ್ಪ್ಯಾನಿಷ್ ಗ್ಯಾಲಿಯನ್ ಮತ್ತು ಸಾರೋ ಎಂಬ ಎರಡು ದೀರ್ಘ ಹಾಡುಗಳಲ್ಲಿ ಹಿತ್ತಾಳೆ ವಾದ್ಯಗಳ ದೊಡ್ಡ ಪಡೆಯೇ ಬಂದು ನಿಂತಿದೆ, ಜಾಜ್ ಲಯ ಒಳಗೆ ಹರಿಯುತ್ತಿದೆ, ಅದೆಲ್ಲದರ ಮೇಲೆ ಲಾಟನ್ ಅವರ ಕಂಠ ಯಾವ ಆಯಾಸವೂ ಇಲ್ಲದೆ ನಿಂತಿದೆ. ನಾಲ್ಕು ವರ್ಷಗಳ ಹಿಂದೆ ಒಂದೇ ಒಂದು ಹಾರ್ನಿನಿಂದ ಆರಂಭಿಸಿದ ತಂಡ ಅದೇ ಲೋಹದ ಸದ್ದನ್ನು ಇಲ್ಲಿಗೆ ತಂದು ಮುಟ್ಟಿಸಿತು. ಮಾವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಆಲ್ಬಂ. ಬೇರೆ ಬೇರೆ ಸಂಗೀತಗಳನ್ನು ದುಡಿಮೆಯಾಗಿ ಕಲಿತವರು ಅವೆಲ್ಲವನ್ನೂ ತಮ್ಮ ಸ್ವಂತದ ಕೆಲಸಕ್ಕೆ ತಂದರೆ ಹೇಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ. ಮಾರುವ ಕಂಪನಿಗೆ ಮಾತ್ರ ಇಂಥ ತಂಡವನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ತಿಳಿಯದು.

1976ರಲ್ಲಿ ಲಾಟನ್ ಅವರನ್ನು ಯೂರಿಯಾ ಹೀಪ್ ಕರೆಯಿತು. ಮೂರು ವರ್ಷಗಳಲ್ಲಿ ಮೂರು ಸ್ಟುಡಿಯೋ ಆಲ್ಬಂ ಹಾಡಿ 1979ರಲ್ಲಿ ಅವರು ಅಲ್ಲಿಂದ ಹೊರಬಂದರು. ಲೂಸಿಫರ್ಸ್ ಫ್ರೆಂಡ್ ತಂಡ ಮೈಕ್ ಸ್ಟಾರ್ಸ್ ಎಂಬ ಬೇರೆ ಗಾಯಕರೊಂದಿಗೆ ಎರಡು ಆಲ್ಬಂ ಮಾಡಿತು, 1981ರಲ್ಲಿ ಲಾಟನ್ ಮರಳಿ ಬಂದು ಮೀನ್ ಮಷೀನ್ ಎಂಬ ಆಲ್ಬಂ ಹಾಡಿದರು, ಅಲ್ಲಿಗೆ ತಂಡ ನಿಂತುಹೋಯಿತು. ಆಗ ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಹೆವಿ ಮೆಟಲ್ ಹೊಸ ಹುಮ್ಮಸ್ಸಿನಿಂದ ಮೇಲೆದ್ದು ಬರುತ್ತಿತ್ತು. ತಾವು ಹನ್ನೊಂದು ವರ್ಷ ಹಿಂದೆ ಬಿತ್ತಿದ ಬೀಜಕ್ಕೆ ಮಳೆ ಬಂದ ವರ್ಷವೇ ಅವರು ಹೊಲ ಬಿಟ್ಟು ನಡೆದಿದ್ದರು.

ಆದರೂ ಸಂಗೀತ ಉಳಿಯಿತು. ಹಳೆಯ ಎಲ್‌ಪಿಗಳನ್ನು ಹುಡುಕಿ ಕೊಳ್ಳುವವರು ಆ ಮೊದಲ ಆಲ್ಬಂ ಅನ್ನು ಕೈಯಿಂದ ಕೈಗೆ ದಾಟಿಸಿದರು. ಸಿ.ಡಿ.ಗಳ ಕಾಲದಲ್ಲಿ ಹ್ಯಾಂಬರ್ಗಿನ ರೆಪರ್ಟಾಯರ್ ಎಂಬ ಕಂಪನಿ ಅದನ್ನು ಮರುಮುದ್ರಿಸಿ, ಹಿಂದೆ ಬಿಡಿಯಾಗಿ ಬಂದಿದ್ದ ಕೆಲವು ಹಾಡುಗಳನ್ನೂ ಅದರ ಕೊನೆಗೆ ಸೇರಿಸಿತು. ಡೂಮ್ ಮೆಟಲ್ ಎಂದು ಕರೆಯುವ ನಿಧಾನಗತಿಯ ಭಾರಸಂಗೀತವನ್ನು ಮೆಚ್ಚುವ ಹೊಸ ಪೀಳಿಗೆ ಬ್ಲ್ಯಾಕ್ ಸಬ್ಬತ್ ತಂಡದ ಸಮಕಾಲೀನರು ಯಾರೆಂದು ಅಗೆಯತೊಡಗಿದಾಗ ಮೊದಲಿಗೆ ಸಿಕ್ಕವರಲ್ಲಿ ಇವರೂ ಒಬ್ಬರು. ಆಮೇಲೆ ಯೂಟ್ಯೂಬ್ ಬಂತು; ನನ್ನಂಥವರಿಗೆ ಕೋಲಾರದಲ್ಲಿ ಕುಳಿತು ಇದನ್ನು ಕೇಳುವುದು ಸಾಧ್ಯವಾಯಿತು. ಕೆಜಿಎಫ್‌ನಲ್ಲಿ ಕೈಬಿಟ್ಟ ಗಣಿಗಳ ಪಕ್ಕದಲ್ಲಿ ಸೈನೈಡ್ ದಿಬ್ಬಗಳಿವೆಯಲ್ಲ, ಒಮ್ಮೆ ಚಿನ್ನ ತೆಗೆದು ಬಿಸಾಡಿದ ಆ ಮಣ್ಣಿನಲ್ಲಿ ಇನ್ನೂ ಚಿನ್ನದ ಅಂಶವಿದೆ ಎಂದು ನಮ್ಮ ತಂದೆ ಯಾವಾಗಲೂ ಹೇಳುತ್ತಿದ್ದರು. ಹಳೆಯ ಸಂಗೀತವನ್ನು ಹುಡುಕುವವರ ತಾಳ್ಮೆಯನ್ನು ನೋಡಿದಾಗಲೆಲ್ಲ ನನಗೆ ಆ ದಿಬ್ಬಗಳು ನೆನಪಾಗುತ್ತವೆ.

ನನಗೆ ಹೆಚ್ಚು ಸಮಾಧಾನ ಕೊಟ್ಟ ಸಂಗತಿಯೆಂದರೆ, ಈ ಮರುಶೋಧದ ಫಲವನ್ನು ತಂಡದವರು ಬದುಕಿರುವಾಗಲೇ ಕಂಡರು. 2014ರಲ್ಲಿ ಲಾಟನ್, ಹೆಸ್ಲೈನ್ ಮತ್ತು ಹಾರ್ನ್ಸ್ ಮತ್ತೆ ಒಂದಾದರು. ಹಳೆಯ ಹಾಡುಗಳ ಜೊತೆ ನಾಲ್ಕು ಹೊಸ ಹಾಡುಗಳಿದ್ದ ಅವೇಕನಿಂಗ್ ಎಂಬ ಸಂಕಲನ 2015ರಲ್ಲಿ ಬಂತು. ಅದೇ ವರ್ಷ ಅವರು ಸ್ವೀಡನ್ ರಾಕ್ ಉತ್ಸವದ ವೇದಿಕೆ ಹತ್ತಿದರು. ಎಲ್ಲ ಹೊಸ ಹಾಡುಗಳ ಟೂ ಲೇಟ್ ಟು ಹೇಟ್ 2016ರಲ್ಲಿ, ಬ್ಲ್ಯಾಕ್ ಮೂನ್ 2019ರಲ್ಲಿ. ಎಪ್ಪತ್ತು ದಾಟಿದ ಲಾಟನ್ ಅವರ ಕಂಠವನ್ನು ಈ ಕೊನೆಯ ಆಲ್ಬಮ್ಮಿನಲ್ಲಿ ಕೇಳಿ, ಕೂಡಲೇ 1970ರ ಆಲ್ಬಂ ಹಾಕಿದರೆ, ನಡುವೆ ಸುಮಾರು ಅರ್ಧ ಶತಮಾನ ಕಳೆದಿದೆ ಎಂದು ನಂಬುವುದು ಕಷ್ಟ. ಅವರು ಬಲ್ಗೇರಿಯಾ ದೇಶವನ್ನು ಬಹಳ ಹಚ್ಚಿಕೊಂಡಿದ್ದರು; ಕಪ್ಪು ಸಮುದ್ರದ ದಂಡೆಯ ಕಾವರ್ನಾ ಎಂಬ ಪುಟ್ಟ ಊರು ರಾಕ್ ಉತ್ಸವಗಳಿಂದ ಹೆಸರಾದದ್ದು, ಆ ಊರಿಗೂ ಅವರಿಗೂ ಒಳ್ಳೆಯ ನಂಟಿತ್ತು. ಸಣ್ಣ ಊರೊಂದು ಈ ಸಂಗೀತವನ್ನು ತನ್ನದೆಂದು ಅಪ್ಪಿಕೊಂಡಿತೆಂಬುದನ್ನು ಓದಿದಾಗ, ಅಂತರಗಂಗೆ ಬೆಟ್ಟದ ಕೆಳಗೆ ಕುಳಿತಿದ್ದ ನನಗೆ ಒಂದು ಬಗೆಯ ನೆಂಟಸ್ತಿಕೆ ಅನಿಸಿತು.

ಈ ಬರಹವನ್ನು ಈಗ ಬರೆಯಲು ಕಾರಣವಿದೆ. ಕಳೆದ ತಿಂಗಳು ಮಾವನ ಮನೆಗೆ ಹೋಗಿದ್ದೆ. ಬ್ಯಾಂಡ್‌ಸೆಟ್ಟು ನಿಂತು ಹಲವು ವರ್ಷಗಳಾಗಿವೆ; ಮದುವೆಗಳಿಗೆ ಈಗ ಡಿಜೆ ಬರುತ್ತದೆ. ಟ್ರಂಪೆಟ್ ಪೆಟ್ಟಿಗೆ ಮಂಚದ ಕೆಳಗೆ ಇರುತ್ತದೆ. ಕಾಫಿ ಕುಡಿದಾದ ಮೇಲೆ ಅವರೇ ಕೇಳಿದರು: "ಆ ಬೆಳ್ಳಿಚುಕ್ಕಿಯವರ ಮೊದಲನೇ ಹಾಡು ಹಾಕಮ್ಮಾ." ಹಾಕಿದೆ. ಹಾರ್ನಿನ ಕೂಗನ್ನು ಎರಡು ಸಲ ಕೇಳಿಸಿಕೊಂಡರು, ಮೂರನೆಯ ಸಲ ನಿಲ್ಲಿಸಲು ಹೇಳಿದರು. ಪೆಟ್ಟಿಗೆ ಎಳೆದು, ಟ್ರಂಪೆಟ್ ತೆಗೆದು, ಮೂರು ಕೀಲಿಗಳಿಗೂ ಎಣ್ಣೆ ಬಿಟ್ಟು, ಬೆರಳಾಡಿಸಿ ನೋಡಿ, ಮಹಡಿಯ ಮೆಟ್ಟಿಲು ಹತ್ತಿದರು. ನಾನೂ ಹಿಂದೆ ಹೋದೆ. ಕೆಳಗೆ ರಸ್ತೆಯಲ್ಲಿ ಟೊಮೆಟೊ ಕ್ರೇಟು ತುಂಬಿದ ಲಾರಿಗಳು ಮಾರುಕಟ್ಟೆಯ ಕಡೆಗೆ ಸಾಲಾಗಿ ಹೋಗುತ್ತಿದ್ದವು. ಮೊದಲ ಸಲ ಊದಿದಾಗ ಸ್ವರ ಮೇಲಕ್ಕೆ ಏರದೆ ನಡುವೆಯೇ ಒಡೆಯಿತು. ತುಟಿ ಒರೆಸಿಕೊಂಡು ಮತ್ತೆ ಊದಿದರು, ಆಗಲೂ ಒಂದಿಷ್ಟು ಕೆಳಗೇ ಉಳಿಯಿತು. ಹಾರ್ನಿನ ಎದೆ ಟ್ರಂಪೆಟ್ಟಿಗೆ ಇಲ್ಲ ಎಂದರು. ಸ್ವಲ್ಪ ಹೊತ್ತು ಸುಮ್ಮನೆ ಬೆಟ್ಟದ ಕಡೆ ನೋಡುತ್ತ ನಿಂತರು. ಮೂರನೆಯ ಸಲ ಆ ಸ್ವರ ಸಿಕ್ಕಿತು.